ಪೈಕ್ ಪ್ಲೇಸ್ ಮಾರ್ಕೆಟ್‌ಗೆ ಇಷ್ಟು ಬಿಗಿ ಕಾನೂನು ಬೇಕೇ?

ಅಮೆರಿಕದ ಸಿಯಾಟಲ್ ನಗರದ ನಡುಮಧ್ಯೆ, ಸಮುದ್ರಕ್ಕೆ ಮುಖ ಮಾಡಿದ ದಿಣ್ಣೆಯ ಮೇಲೆ ಪೈಕ್ ಪ್ಲೇಸ್ ಮಾರ್ಕೆಟ್ ಇದೆ. ಅದನ್ನು 1971ರಲ್ಲಿ ಜನರೇ ಮತ ಹಾಕಿ ಐತಿಹಾಸಿಕ ಪ್ರದೇಶವಾಗಿ ಉಳಿಸಿಕೊಂಡರು. ಅಲ್ಲಿ ಕಟ್ಟಡದ ಹೊರನೋಟ ಬದಲಿಸಲು, ಹೊಸ ಅಂಗಡಿ ತೆರೆಯಲು ಒಂದು ಆಯೋಗದ ಒಪ್ಪಿಗೆ ಬೇಕು.

ಪರ: ಬಿಗಿ ಇದ್ದದ್ದಕ್ಕೇ ಉಳಿದಿದೆ

ಈ ಮಾರ್ಕೆಟ್ ಹುಟ್ಟಿದ್ದು ಈರುಳ್ಳಿಯ ಸಂಕಟದಲ್ಲಿ. ದಲ್ಲಾಳಿಗಳ ಕಾಟಕ್ಕೆ ಬೆಲೆ ಗಗನಕ್ಕೇರಿತ್ತು. ಬೆಳೆದವನಿಗೆ ಪುಡಿಗಾಸು, ಕೊಳ್ಳುವವರ ಜೇಬಿಗೆ ಕತ್ತರಿ. ರೈತರು ನೇರವಾಗಿ ಮಾರಲಿ ಎಂದು ನಗರಸಭೆ ಸದಸ್ಯ ಥಾಮಸ್ ರೆವೆಲ್ ಪಟ್ಟು ಹಿಡಿದರು. 1907ರ ಆಗಸ್ಟ್ 17ರಂದು ಬಂದ ಬೆರಳೆಣಿಕೆಯ ಗಾಡಿಗಳು ನೋಡನೋಡುತ್ತಲೇ ಖಾಲಿಯಾದವು.

1960ರ ದಶಕದಲ್ಲಿ ಇದನ್ನು ಕೆಡವಿ ಹೋಟೆಲ್, ಆಫೀಸು, ಪಾರ್ಕಿಂಗ್ ಕಟ್ಟುವ ಯೋಜನೆ ಬಂತು. ದೊಡ್ಡವರೆಲ್ಲ ಅದರ ಬೆನ್ನಿಗಿದ್ದರು. ವಾಸ್ತುಶಿಲ್ಪಿ ವಿಕ್ಟರ್ ಸ್ಟೈನ್‌ಬ್ರೂಕ್ ಮತ್ತು ಅವರ ಜೊತೆಗಾರರು ಬೀದಿಗಿಳಿದು ಸಹಿ ಸಂಗ್ರಹಿಸದಿದ್ದರೆ ಇವತ್ತು ಅಲ್ಲಿ ಗಾಜಿನ ಗೋಡೆಗಳೇ ಇರುತ್ತಿದ್ದವು.

ಈ ಕಾನೂನು ಗೋಡೆಯನ್ನಷ್ಟೇ ಕಾಯುವುದಿಲ್ಲ, ಅಲ್ಲಿ ಯಾರು ಏನು ಮಾರಬೇಕು ಎನ್ನುವುದನ್ನೂ ನೋಡಿಕೊಳ್ಳುತ್ತದೆ. ಬೆಳಗ್ಗೆ ಹೋಗಿ ನೋಡಿ. ಕಟ್ಟೆ ಹಂಚುವ ಅಧಿಕಾರಿ, ಅಂದರೆ ಮಾರ್ಕೆಟ್ ಮಾಸ್ಟರ್, ಹಾಜರಿ ಕೂಗುತ್ತಾರೆ. ರೈತರು, ಕರಕುಶಲಕರ್ಮಿಗಳು ಹಿರಿತನದ ಪ್ರಕಾರ ಆವತ್ತಿನ ಕಟ್ಟೆ ಆರಿಸಿಕೊಳ್ಳುತ್ತಾರೆ. ಬೆಳೆದವರು, ತಯಾರಿಸಿದವರೇ ಮಾರಬೇಕು. ಲಾವೋಸ್‌ನಿಂದ ನಿರಾಶ್ರಿತರಾಗಿ ಬಂದ ಹ್ಮಾಂಗ್ ಜನಾಂಗದ ಕುಟುಂಬಗಳು ಡೇಲಿಯಾ, ಪಿಯೋನಿ ಹೂಗಳ ದೊಡ್ಡ ದೊಡ್ಡ ಗುಚ್ಛ ಕಟ್ಟಿ ಮಾರುವುದು ಇಲ್ಲೇ. ಬಾಡಿಗೆ ಮಾತ್ರ ನೋಡುವ ಮಾಲಿಕ ಇವರಿಗೆ ಜಾಗ ಕೊಡುತ್ತಿದ್ದನೇ? ಆವರಣದಲ್ಲೇ ಬಡ ವೃದ್ಧರಿಗೆ ಮನೆಗಳಿವೆ, ಕ್ಲಿನಿಕ್ ಇದೆ, ಮಕ್ಕಳ ಶಾಲೆ ಇದೆ. ನಗರದ ಅತಿ ದುಬಾರಿ ನೆಲದಲ್ಲಿ ಬಡವರೂ ಬದುಕುತ್ತಿರುವುದು ಈ ಬಿಗಿಯಿಂದಲೇ. ನನಗೆ ಎಲ್ಲಕ್ಕಿಂತ ಜಾಸ್ತಿ ಒಪ್ಪಿಗೆಯಾಗುವ ಮಾತು ಇದೇ.

ವಿರೋಧ: ಕಾನೂನು ಜನರನ್ನು ಕಾಯಲಿಲ್ಲ

ಎರಡನೇ ಮಹಾಯುದ್ಧಕ್ಕೆ ಮುಂಚೆ ಇಲ್ಲಿನ ತರಕಾರಿ ಕಟ್ಟೆಗಳಲ್ಲಿ ಬಹುಪಾಲು ಜಪಾನಿ ಮೂಲದ ರೈತರದ್ದಾಗಿತ್ತು. 1942ರಲ್ಲಿ ಸರ್ಕಾರ ಅವರನ್ನು ಬಂಧನ ಶಿಬಿರಗಳಿಗೆ ಸಾಗಿಸಿತು. ಕಟ್ಟೆಗಳು ಖಾಲಿ ಬಿದ್ದವು, ಹೋದವರಲ್ಲಿ ಹೆಚ್ಚಿನವರು ಮತ್ತೆ ಇಲ್ಲಿಗೆ ಬರಲಿಲ್ಲ. ಕಂಬ, ಚಾವಣಿ ಎಲ್ಲ ಇದ್ದ ಹಾಗೇ ಇದ್ದವು! ಕಾನೂನು ಬರುವ ಮುಂಚೆಯೇ ಆ ಜನ ಹೋಗಿದ್ದರು. ಹಾಗಾದರೆ 1971ರ ಕಾನೂನು ಉಳಿಸಿದ್ದು ಯಾವ ಮಾರ್ಕೆಟ್ಟನ್ನು?

ಇವತ್ತು ಮೀನಂಗಡಿಯವರು ಮಾರಿದ ಮೀನನ್ನು ಒಬ್ಬರಿಂದೊಬ್ಬರಿಗೆ ಎಸೆಯುವುದನ್ನು ನೋಡಲು ಪ್ರವಾಸಿಗರು ಗುಂಪುಗಟ್ಟುತ್ತಾರೆ. ಫೋಟೊ ತೆಗೆದು ಮುಂದೆ ಹೋಗುತ್ತಾರೆ. ದಿನದ ಅಡುಗೆಗೆ ತರಕಾರಿ ಬೇಕಾದವರಿಗೆ ಆ ನೂಕುನುಗ್ಗಲಿನಲ್ಲಿ ಚೀಲ ಹಿಡಿದು ನಿಲ್ಲುವುದೇ ಕಷ್ಟ. ಪ್ರವಾಸಿ ಹೊತ್ತೊಯ್ಯಬಲ್ಲ ಜೇನು, ಜಾಮ್, ಉಡುಗೊರೆ ಸಾಮಾನಿಗೆ ಬೇಡಿಕೆ ಹೆಚ್ಚಾದಾಗ ಸೊಪ್ಪು ಬೆಳೆಯುವವನು ಹಿಂದೆ ಬೀಳುತ್ತಾನೆ. ಯಾವ ಆಯೋಗವೂ ಇದನ್ನು ತಡೆಯಲಾರದು.

ಇನ್ನೊಂದು ಅಪಾಯ, ಈ ಕಾನೂನಿನ ಬೇಲಿ ಬೇಕೆಂದ ಕಡೆಗೆಲ್ಲ ಹಬ್ಬುತ್ತದೆ. ಮಾರ್ಕೆಟ್ ಪಕ್ಕದಲ್ಲಿ 1939ರಿಂದ ಇರುವ ಶೋಬಾಕ್ಸ್ ಎಂಬ ಸಂಗೀತ ಸಭಾಂಗಣದ ಜಾಗದಲ್ಲಿ 44 ಮಹಡಿಯ ವಸತಿ ಗೋಪುರ ಕಟ್ಟಲು ಹೊರಟಾಗ, 2018ರಲ್ಲಿ ನಗರಸಭೆ ಅವಸರದಲ್ಲಿ ಐತಿಹಾಸಿಕ ಪ್ರದೇಶದ ಗಡಿಯನ್ನೇ ಅಲ್ಲಿಯವರೆಗೆ ಎಳೆಯಿತು. ಮಾಲಿಕರು ಕೋರ್ಟಿಗೆ ಹೋದರು. ಮರುವರ್ಷ ನಗರಸಭೆ ಸೋತಿತು. ಹಾಡು ಕೇಳಿದ ನೆನಪು ದೊಡ್ಡದೇ, ಒಪ್ಪುತ್ತೇನೆ. ಆದರೆ ನೂರಾರು ಮನೆಗಳ ವಿಷಯವನ್ನು ಹೀಗೆ ಆತುರದ ಒಂದು ಆದೇಶದಲ್ಲಿ ತೀರ್ಮಾನಿಸಬಾರದು. ಬಾಡಿಗೆ ಕಟ್ಟಲಾಗದೆ ಜನ ಊರು ಬಿಡುತ್ತಿರುವ ನಗರವಿದು.

ಹಳೆ ಗೋಡೆಗಳನ್ನು ಕಾಯಿರಿ. ಆದರೆ ಗಡಿ 1971ರಲ್ಲಿ ಎಲ್ಲಿತ್ತೋ ಅಲ್ಲೇ ನಿಲ್ಲಲಿ. ಒಳಗೆ ಏನು ಮಾರಬೇಕು ಎನ್ನುವುದರಲ್ಲಿ ಕಟ್ಟೆ ಹಿಡಿದವರ ಮಾತೇ ಮೇಲಾಗಲಿ.