ಒಬ್ಬರಿಗೆ ಬರೆದದ್ದು ನೂರ ನಲವತ್ತು ಮನೆಗೆ

ಶಿರಸಿ ಸೀಮೆಯ ನಮ್ಮ ಅಡಿಕೆ ಬೆಳೆಗಾರರ ಸಂಘಕ್ಕೆ ಒಂದು ಗುಂಪು ಮೇಲ್ ವಿಳಾಸವಿದೆ. ಅದಕ್ಕೆ ಬರೆದ ಪತ್ರ 140 ಸದಸ್ಯರಿಗೂ ತಲುಪುತ್ತದೆ. ಆ ಸೌಕರ್ಯದ ಬಗ್ಗೆ ನನಗೆ ತಕರಾರಿಲ್ಲ. ನನ್ನ ಸಿಟ್ಟೆಲ್ಲ, ಉತ್ತರ ಯಾರಿಗೆ ಹೋಗಬೇಕೆಂಬುದನ್ನು ಬರೆದವರನ್ನೂ ಓದಿದವರನ್ನೂ ಕೇಳದೆ ತಾವೇ ತೀರ್ಮಾನಿಸಿಬಿಟ್ಟವರ ಮೇಲೆ.

ಕಳೆದ ಮಳೆಗಾಲದಲ್ಲಿ ಕೊಳೆರೋಗಕ್ಕೆ ಎರಡನೆಯ ಸಲ ಬೋರ್ಡೋ ದ್ರಾವಣ ಹೊಡೆಸುವ ಹೊತ್ತಿಗೆ, ಮರ ಹತ್ತುವ ಕೊನೆಗೌಡ ಸಿಗುತ್ತಿಲ್ಲವೆಂದು ಸದಸ್ಯರೊಬ್ಬರು ಗುಂಪಿಗೆ ಬರೆದಿದ್ದರು. ನಾನು ಅವರೊಬ್ಬರಿಗೇ ಹೋಗುತ್ತದೆಂದುಕೊಂಡು ‘ಉತ್ತರಿಸಿ’ ಒತ್ತಿ, “ನಮ್ಮ ಕೊನೆಗೌಡನನ್ನು ಗುರುವಾರ ಕಳುಹಿಸುತ್ತೇನೆ, ಆಚೆಮನೆ ಭಾವನಿಗೆ ಮಾತ್ರ ಹೇಳಬೇಡಿ, ಅವರು ಹೋದ ವರ್ಷದ ಕೂಲಿಯನ್ನೇ ಇನ್ನೂ ಚುಕ್ತಾ ಮಾಡಿಲ್ಲ” ಎಂದು ಬರೆದೆ. ಅದು 140 ಮನೆಗೂ ಹೋಯಿತು. ಆಚೆಮನೆ ಭಾವನೂ ಸದಸ್ಯರೇ. ಮರುದಿನ ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಅವರು ಕ್ಯಾನನ್ನು ನನ್ನ ಪಕ್ಕದಲ್ಲೇ ಇಟ್ಟು, ಗೋಡೆಯ ಮೇಲಿನ ದರಪಟ್ಟಿಯನ್ನು ಓದುತ್ತ ನಿಂತರು. ಆ ಪಟ್ಟಿ ಬದಲಾಗಿ ಎಷ್ಟೋ ತಿಂಗಳಾಗಿತ್ತು.

ಮೇಲ್‌ನ ತಲೆಬರಹದಲ್ಲಿ ಕಳುಹಿಸಿದವರ ವಿಳಾಸದ ಜೊತೆಗೆ ‘ರಿಪ್ಲೈ-ಟು’ ಎಂಬ ಇನ್ನೊಂದು ಸಾಲು ಇರಬಹುದು; ಅದಿದ್ದರೆ ಉತ್ತರ ಅಲ್ಲಿಗೇ ಹೋಗುತ್ತದೆ. ಮೇಲ್‌ನ ರೂಪ ಹೇಗಿರಬೇಕೆಂದು ಹೇಳುವ ದಾಖಲೆಗಳಲ್ಲಿ ಒಂದಾದ 1982ರ ಆರ್‌ಎಫ್‌ಸಿ 822ರಲ್ಲೇ ಇದ್ದ ಈ ಸಾಲನ್ನು, 2008ರ ಆರ್‌ಎಫ್‌ಸಿ 5322, ಉತ್ತರ ಎಲ್ಲಿಗೆ ಬರಲಿ ಎಂದು ಪತ್ರ ಬರೆದವರು ಸೂಚಿಸುವ ಜಾಗವೆಂದೇ ವಿವರಿಸುತ್ತದೆ. ನಮ್ಮವರು ಅಲ್ಲಿ ಗುಂಪಿನ ವಿಳಾಸವನ್ನು ತುರುಕಿದ್ದರು. ಗುಂಪು ಮೇಲ್ ನಡೆಸುವ ಮೇಲ್‌ಮನ್ ತಂತ್ರಾಂಶದ ಸೆಟ್ಟಿಂಗ್ ಪುಟವೇ, ಹೆಚ್ಚಿನ ಗುಂಪುಗಳಿಗೆ ‘ಬರೆದವರಿಗೆ’ ಎಂಬ ಆಯ್ಕೆಯೇ ತಕ್ಕುದೆಂದು ಒತ್ತಿ ಹೇಳುತ್ತದೆ. ಊರಿಗೆಲ್ಲ ಹೇಳಬೇಕೆನ್ನುವವರಿಗೆ ‘ಎಲ್ಲರಿಗೂ ಉತ್ತರಿಸಿ’ ಇದ್ದೇ ಇದೆಯಲ್ಲ! ಎಲ್ಲರಿಗೂ ಹೋಗಬೇಕಾದದ್ದು ಒಬ್ಬರಿಗೆ ಹೋದರೆ ಇನ್ನೊಮ್ಮೆ ಕಳುಹಿಸಬಹುದು. ಒಬ್ಬರಿಗೆ ಹೋಗಬೇಕಾದದ್ದು ಎಲ್ಲರಿಗೂ ಹೋದರೆ ಯಾವ ಗುಂಡಿ ಒತ್ತಿ ವಾಪಸು ತರುವುದು?

ಸಂಘದ ಕಚೇರಿಗೆ ಹೋಗಿ ಕೇಳಿದ್ದಕ್ಕೆ, “ಒತ್ತುವ ಮೊದಲು ನೋಡಬೇಕಿತ್ತು, ಹೆಗಡೇರೆ” ಎಂದರು. ಮೂರು ಸಲ ಮೆಟ್ಟಿಲು ಹತ್ತಿದ ಮೇಲೆ ಸೆಟ್ಟಿಂಗ್ ಬದಲಾಯಿಸಿದರು, ನಿಜ. ಆದರೆ ‘ಬರೆದವರಿಗೆ’ ಎಂದಲ್ಲ, ಕಚೇರಿಯ ಹಳೆಯ ವಿಳಾಸವೊಂದಕ್ಕೆ. ಅದರ ಪಾಸ್‌ವರ್ಡ್ ಗೊತ್ತಿದ್ದ ಗುಮಾಸ್ತರು ಕೆಲಸ ಬಿಟ್ಟು ಹೋಗಿದ್ದಾರೆ. ಬೋರ್ಡೋಗೆ ಹಾಕುವ ಮೈಲುತುತ್ತ ಉಳಿದಿದೆ, ಬೇಕಾದವರು ತಿಳಿಸಿ ಎಂದು ನಾನು ಗುಂಪಿಗೆ ಬರೆದೆ, ಒಂದು ಉತ್ತರವೂ ಬರಲಿಲ್ಲ. ಹದಿನೈದು ದಿನ ಕಳೆದು ಪೇಟೆಯಲ್ಲಿ ಸಿಕ್ಕ ಒಬ್ಬರು, “ಐದು ಕೆಜಿ ಬೇಕೆಂದು ಅಂದೇ ಬರೆದಿದ್ದೆ, ಕೊಡುವ ಮನಸ್ಸಿಲ್ಲದಿದ್ದರೆ ಇಲ್ಲವೆಂದಾದರೂ ಹೇಳಬಹುದಿತ್ತು” ಎಂದು ಮುಖ ತಿರುಗಿಸಿದರು.

ಈಗ ತಕರಾರನ್ನು ಮೇಲ್‌ನಲ್ಲಿ ಕಳುಹಿಸುವ ಧೈರ್ಯವಿಲ್ಲ. ಕಾಗದದ ಮೇಲೆ ಬರೆದು, ಆರಿಸಬೇಕಾದ ಆಯ್ಕೆಯ ಕೆಳಗೆ ಕೆಂಪು ಗೆರೆ ಎಳೆದು, ನಕಲು ಪ್ರತಿಗೆ ಸೀಲು ಹಾಕಿಸಿಕೊಂಡು ಬಂದಿದ್ದೇನೆ. ಉತ್ತರವನ್ನು ಅಂಚೆಯಲ್ಲಿ ಕಳುಹಿಸಿ ಎಂದು ಕೊನೆಯಲ್ಲಿ ಸೇರಿಸಿದ್ದೇನೆ.