ತಟ್ಟೆಯಲ್ಲಿ ಸತ್ತ ಕ್ರಿಮಿಗೆ ಊರೆಲ್ಲ ಮೆರವಣಿಗೆ

ಬಂತು ನೋಡಿ, ಪತ್ರಿಕೆಯಲ್ಲಿ ಮತ್ತೆ ಅದೇ ಸುದ್ದಿ: ಗಿಡದ ಎಣ್ಣೆ ಕಾಲೇಜಿನ ಲ್ಯಾಬಿನಲ್ಲಿ ರೋಗಾಣು ಕೊಂದಿತಂತೆ. ಈ ಸಲ ಓಮದ ಎಣ್ಣೆಯ ಸರದಿ. ಮೊನ್ನೆ ತುಳಸಿಯದಾಗಿತ್ತು, ಅದರ ಹಿಂದೆ ಮಜ್ಜಿಗೆ ಹುಲ್ಲಿನದು. ಗಿಡ ಯಾವುದಾದರೂ ಇರಲಿ, ತಲೆಬರಹ ಮಾತ್ರ ಕದಲುವುದಿಲ್ಲ: ‘ರೋಗಾಣುಗಳಿಗೆ ರಾಮಬಾಣ’. ಕೆಳಗೆ ಬಿಳಿ ಕೋಟಿನ ಪ್ರಾಧ್ಯಾಪಕರು, ಕೈಯಲ್ಲಿ ಗಾಜಿನ ತಟ್ಟೆ, ಪಕ್ಕದಲ್ಲಿ ಫೋಟೊಕ್ಕೆಂದೇ ಬಂದು ನಿಂತ ಪ್ರಾಂಶುಪಾಲರು.

ಈ ಮಹಾಯಜ್ಞದ ವಿಧಿ ಸರಳ. ಕ್ರಿಮಿ ಬೆಳೆಸಲು ಅಗಾರ್ ಎಂಬ ಅಂಟು ಹಾಕಿದ ಗಾಜಿನ ತಟ್ಟೆಗೆ ಬ್ಯಾಕ್ಟೀರಿಯಾ ಸವರಬೇಕು. ಎಣ್ಣೆಯಲ್ಲಿ ನೆನೆಸಿದ ಕಾಗದದ ಬಿಲ್ಲೆ ಇಡಬೇಕು. 37 ಡಿಗ್ರಿಯಲ್ಲಿ ರಾತ್ರಿ ಕಳೆಯಬೇಕು. ಬೆಳಿಗ್ಗೆ ಬಿಲ್ಲೆಯ ಸುತ್ತ ಕ್ರಿಮಿ ಬೆಳೆಯದ ಬಯಲು ಕಂಡರೆ ಸ್ಕೇಲ್ ಇಟ್ಟು ಎಷ್ಟು ಮಿಲಿಮೀಟರ್ ಎಂದು ಬರೆದುಕೊಂಡರಾಯಿತು, ಸಂಶೋಧನಾ ಪೇಪರ್ ರೆಡಿ. ಮುಂದಿನ ವರ್ಷದ ಹುಡುಗನಿಗೆ ಬೇರೆ ಗಿಡ. ನಮ್ಮ ಪಶ್ಚಿಮ ಘಟ್ಟದಲ್ಲಿ ಗಿಡಗಳಿಗೇನು ಬರವೇ? ಎಷ್ಟು ಪಿಎಚ್‌ಡಿ ಬೇಕಾದರೂ ಹುಟ್ಟುತ್ತವೆ.

ಸುಳ್ಳು ಅನ್ನುತ್ತಿಲ್ಲ. ಓಮದಲ್ಲಿರುವ ಥೈಮಾಲ್, ಲವಂಗದಲ್ಲಿರುವ ಯೂಜೆನಾಲ್ ಎಂಬ ರಾಸಾಯನಿಕಗಳು ಬ್ಯಾಕ್ಟೀರಿಯಾದ ಹೊರಪೊರೆಯನ್ನೇ ಕೆಡಿಸುತ್ತವೆ. ಹಲ್ಲುನೋವಿಗೆ ಅಜ್ಜಿ ಲವಂಗ ಕಚ್ಚಿಸಿದ್ದೂ ಸುಮ್ಮನೆ ಅಲ್ಲ. ಆದರೆ ಅದೇ ತಟ್ಟೆಗೆ ಫಿನಾಯಿಲ್ ಹಾಕಿದರೂ ಅಂಥದೇ ಬಯಲು ಬೀಳುತ್ತದೆ ಸ್ವಾಮಿ, ಅದನ್ನು ಯಾರೂ ಕುಡಿಯುವುದಿಲ್ಲ. ಇನ್ನು ಆಂಟಿಆಕ್ಸಿಡೆಂಟ್, ಅಂದರೆ ಜೀವಕೋಶ ಹಾಳಾಗದಂತೆ ಕಾಯುವ ಗುಣದ ಪರೀಕ್ಷೆ: ಡಿಪಿಪಿಎಚ್ ಎಂಬ ನೇರಳೆ ದ್ರಾವಣ ಹಳದಿಗೆ ತಿರುಗಿದರೆ ಪಾಸು. ನಿಮ್ಮ ಮನೆಯ ಕಾಫಿ ಡಿಕಾಕ್ಷನ್ ಹಾಕಿದರೂ ತಿರುಗುತ್ತದೆ. ಅದರ ಮೇಲೂ ಪೇಪರ್‌ಗಳಿವೆ.

ನೀಲಗಿರಿಯ ಕಥೆ ಇನ್ನೂ ಚೆಂದ. ಟಿಪ್ಪು ಕಾಲದಲ್ಲಿ ನಂದಿಬೆಟ್ಟಕ್ಕೆ ಬಂದ ಮರ ಅದು. ಆಮೇಲೆ ಸರ್ಕಾರವೇ ಮುಂದೆ ನಿಂತು ಕೋಲಾರ, ಚಿಕ್ಕಬಳ್ಳಾಪುರದ ತುಂಬ ಅದನ್ನು ನೆಡಿಸಿತು. ಅಂತರ್ಜಲ ಪಾತಾಳಕ್ಕೆ ಇಳಿದ ಮೇಲೆ, 2017ರಲ್ಲಿ, ಅದೇ ಸರ್ಕಾರ ‘ಇನ್ನು ನೆಡಬೇಡಿ’ ಎಂದಿತು. ನೆಲಕ್ಕೆ ಆಗದ ಮರ ಮೂಗಿಗೆ ಮಾತ್ರ ಅಮೃತ! ಕರ್ಚೀಫಿಗೆ ನಾಲ್ಕು ಹನಿ, ಬಿಸಿನೀರಿಗೆ ಒಂದು ಮುಚ್ಚಳ, ದಿಂಬಿಗೆ ಉಳಿದದ್ದು.

2021ರ ಕೊರೊನಾ ಅಲೆಯ ಕರ್ಪೂರದ ಗಂಟು ಮರೆತಿಲ್ಲ ತಾನೆ? ಕರ್ಪೂರ, ಲವಂಗ, ಓಮ, ಎರಡು ಹನಿ ನೀಲಗಿರಿ ಎಣ್ಣೆ, ಬಟ್ಟೆಯಲ್ಲಿ ಕಟ್ಟಿ ಮೂಸಿದರೆ ಆಕ್ಸಿಜನ್ ಏರುತ್ತದೆ ಎಂದು ಎಲ್ಲ ಫ್ಯಾಮಿಲಿ ಗ್ರೂಪುಗಳಲ್ಲೂ ಬಂತು. ಏರಿದ್ದು ಆಕ್ಸಿಜನ್ ಅಲ್ಲ. ಕರ್ಪೂರದ ಘಾಟಿಗೆ ಮೂಗಿನ ನರಗಳಿಗೆ ತಂಪಾದಂತೆ ಅನ್ನಿಸುತ್ತದೆ, ಉಸಿರು ಸರಾಗವಾಯಿತು ಅಂದುಕೊಳ್ಳುತ್ತೇವೆ, ಅಷ್ಟೆ. ಹೊರಗೆ ಸಿಲಿಂಡರಿಗೆ ಕ್ಯೂ ನಿಂತ ಜನ, ಒಳಗೆ ಗಂಟು ಮೂಸುತ್ತಾ ಕಾದ ರೋಗಿ. ನಗು ಬರುತ್ತಿಲ್ಲ, ಬಿಡಿ.

ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಯ ನರರೋಗ ತಜ್ಞರು ಬೇರೆ ಆಸ್ಪತ್ರೆಗಳ ಜೊತೆ ಸೇರಿ ನಾಲ್ಕು ವರ್ಷ ಒಂದು ಲೆಕ್ಕ ಇಟ್ಟರು. ಫಿಟ್ಸ್ ಬಂದು ದಾಖಲೆಗೆ ಸೇರಿದ 350 ವಯಸ್ಕರಲ್ಲಿ 55 ಮಂದಿಯ ಫಿಟ್ಸಿಗೆ ಇಂಥ ಎಣ್ಣೆಗಳ ನಂಟಿತ್ತು. ಮುಖ್ಯ ಆರೋಪಿಗಳು ನೀಲಗಿರಿ ಮತ್ತು ಕರ್ಪೂರ, ಅಂದರೆ ನಾವು ಹಣೆಗೆ ಹಚ್ಚುವ ಬಾಮು, ಮೂಸುವ ಎಣ್ಣೆ. ಇದಕ್ಕೆ ರಾಮಬಾಣದ ತಲೆಬರಹ ಎಲ್ಲಿ? ಪ್ರಾಂಶುಪಾಲರ ಫೋಟೊ ಎಲ್ಲಿ? ಪುಟ್ಟ ಮಗು ಒಂದು ಗ್ರಾಂ ಕರ್ಪೂರ ನುಂಗಿದರೆ ಜೀವಕ್ಕೇ ಕುತ್ತು. ಅದನ್ನೇ ಶೀತವಾದ ಕೂಸಿನ ಎದೆಗೆ ಎಣ್ಣೆಯಲ್ಲಿ ಕಲಸಿ ತಿಕ್ಕುತ್ತೇವೆ. ತಟ್ಟೆಗೆ ಮಿದುಳಿಲ್ಲ, ಹಾಗಾಗಿ ಅದಕ್ಕೆ ಫಿಟ್ಸ್ ಬರುವುದಿಲ್ಲ. ಎಷ್ಟು ಹನಿ, ಯಾವ ವಯಸ್ಸಿಗೆ ಎಂದು ಆ ಸುದ್ದಿಗಳಲ್ಲಿ ಒಂದು ಸಾಲಾದರೂ ಹಾಕಿ ಎಂದು ಹೇಳಿ ಹೇಳಿ ಸಾಕಾಗಿದೆ.

ಎಮರ್ಜೆನ್ಸಿಯಲ್ಲಿ ಡಾಕ್ಟರು ಕೇಳುತ್ತಾರೆ: “ಏನಾದ್ರೂ ಔಷಧಿ ಕೊಟ್ರೇನಮ್ಮಾ?”

“ಇಲ್ಲ ಸಾರ್, ಔಷಧಿ ಏನೂ ಇಲ್ಲ. ಬರೀ ಕರ್ಪೂರದೆಣ್ಣೆ ಹಚ್ಚಿದ್ವಿ. ನ್ಯಾಚುರಲ್ಲು.”

ಪೇಟೆಯಲ್ಲಿ ಸಿಗುವ ಆ ನ್ಯಾಚುರಲ್ ಕರ್ಪೂರ ಬಹುಪಾಲು ಟರ್ಪೆಂಟೈನಿನಿಂದ ಕಾರ್ಖಾನೆಯಲ್ಲಿ ತಯಾರಾದದ್ದು.