ಹದಿನಾಲ್ಕನೇ ತಾರೀಖಿನ ಮಹಿಮೆ

ಆಧಾರ್ ದಾಖಲೆ ಪುಕ್ಕಟೆಯಾಗಿ ಅಪ್‌ಡೇಟ್ ಮಾಡಲು 'ಕೊನೆಯ ದಿನ' ಅಂತ ಸುದ್ದಿ ಬಂದರೆ ನನಗೀಗ ಗಾಬರಿ ಆಗುವುದಿಲ್ಲ. ಮೊದಲ ಕೊನೆಯ ದಿನ 2023ರ ಜೂನ್ 14. ಆಮೇಲೆ ಸೆಪ್ಟೆಂಬರ್ 14. ಆಮೇಲೆ ಡಿಸೆಂಬರ್ 14. ಹೀಗೆ ಮೂರೋ ಆರೋ ತಿಂಗಳಿಗೊಮ್ಮೆ ಮುಗಿದು ಮುಗಿದು ಅದಕ್ಕೇ ಸಾಕಾಗಿ, 2025ರಲ್ಲಿ ಒಂದೇ ಏಟಿಗೆ ವರ್ಷ ಮುಂದಕ್ಕೆ ಜಿಗಿದು 2026ರ ಜೂನ್ 14ಕ್ಕೆ ಹೋಗಿ ಕೂತಿತು. ತಿಂಗಳು ಬದಲಾಯಿತು, ವರ್ಷ ಬದಲಾಯಿತು, 14 ಮಾತ್ರ ಅಲುಗಲಿಲ್ಲ. ಸರ್ಕಾರದಲ್ಲಿ ಇಷ್ಟು ಮಾತಿಗೆ ನಿಲ್ಲುವ ಇನ್ನೊಬ್ಬರನ್ನು ತೋರಿಸಿ ನೋಡೋಣ.

ಪುಕ್ಕಟೆ ಅಂದರೆ ಆನ್‌ಲೈನ್‌ನಲ್ಲಿ ಮಾತ್ರ. ಅದಕ್ಕೆ ಓಟಿಪಿ ಬೇಕು. ಓಟಿಪಿ ಹೋಗುವುದು ಕಾರ್ಡ್ ಮಾಡಿಸಿದ ಕಾಲದಲ್ಲಿ ಕೊಟ್ಟ ನಂಬರಿಗೆ. ಆ ಸಿಮ್ ಈಗ ಯಾರ ಜೇಬಿನಲ್ಲಿದೆಯೋ, ದೇವರಿಗೇ ಗೊತ್ತು.

ಇನ್ನು ಹುಟ್ಟಿದ ದಿನಾಂಕ. ನಮ್ಮ ಹಿರಿಯರಲ್ಲಿ ಎಷ್ಟೋ ಜನ ಆಧಾರ್ ಪ್ರಕಾರ ಜನವರಿ 1ಕ್ಕೇ ಹುಟ್ಟಿದವರು. ಆವತ್ತು ಸೂಲಗಿತ್ತಿಯರು ಊಟಕ್ಕೂ ಕೂತಿರಲಿಕ್ಕಿಲ್ಲ, ಪಾಪ. ತಿದ್ದಿಸೋಣ ಅಂದರೆ ಜೀವಮಾನಕ್ಕೆ ಒಂದೇ ಅವಕಾಶ. ಹೆಸರಿಗಾದರೆ ಎರಡು, ಅಷ್ಟು ಧಾರಾಳ. ಸರಿ, ಹುಟ್ಟಿದ ದಾಖಲೆ ಹುಡುಕಿ, ಸರತಿಯಲ್ಲಿ ನಿಂತು ತಿದ್ದಿಸಿದಿರಿ. ಆಮೇಲೆ ಹೊಸ ಕಾರ್ಡ್ ಮೇಲೇ ಓದಿ: ಇದು ಹುಟ್ಟಿದ ದಿನಾಂಕಕ್ಕೆ ಪುರಾವೆಯಲ್ಲ! ವಯಸ್ಸಿಗೆ ಆಧಾರ್ ಅಲ್ಲ, ಶಾಲೆಯ ಸರ್ಟಿಫಿಕೇಟ್ ನೋಡಿ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಶಾಲೆಗೇ ಹೋಗದವರು ಏನು ಮಾಡಬೇಕು ಅಂತ ನನ್ನನ್ನು ಕೇಳಬೇಡಿ.

ಇಲ್ಲಿಯವರೆಗೆ ನಗಬಹುದು. ಬೆರಳಚ್ಚಿನ ವಿಷಯಕ್ಕೆ ಬಂದರೆ ನಗು ಬರುವುದಿಲ್ಲ. ಇಟ್ಟಿಗೆ ಹೊತ್ತು, ಗುದ್ದಲಿ ಹಿಡಿದು ಗೆರೆಯೆಲ್ಲ ಸವೆದ ಮುದುಕನೊಬ್ಬನ ಕೈ ಅದು. ನ್ಯಾಯಬೆಲೆ ಅಂಗಡಿಯಲ್ಲಿ "ಬೆರಳು ತಗೊಳ್ತಿಲ್ಲ ಅಜ್ಜಾ, ಅಪ್‌ಡೇಟ್ ಮಾಡಿಸ್ಕೊಂಡು ಬಾ" ಅಂತಾರೆ. ಅಪ್‌ಡೇಟ್ ಕೇಂದ್ರಕ್ಕೆ ಹೋದರೆ ಅಲ್ಲಿಯ ಯಂತ್ರಕ್ಕೂ ಬೆರಳು ಕಾಣುವುದಿಲ್ಲ. ನಾಳೆ ಬಾ ಅಂತಾರೆ. ರಾತ್ರಿ ಕಳೆದರೆ ಗೆರೆ ಚಿಗುರುತ್ತದಾ? ಕಣ್ಣಿನ ಪಾಪೆ, ಮುಖ ಅಂತ ಬೇರೆ ದಾರಿಗಳೂ ಇವೆಯಂತಲ್ಲ, ಅದನ್ನು ಅವನಿಗೆ ಹೇಳುವವರು ಯಾರು? ಅಷ್ಟರಲ್ಲಿ ದಿನದ ಕೂಲಿ ಹೋಯಿತು, ಬಸ್ಸಿನ ದುಡ್ಡೂ ಹೋಯಿತು. ಮೊದಲು ಅಕ್ಕಿ ಕೊಟ್ಟು ಕಳಿಸಿ ಸ್ವಾಮಿ. ಆ ಮುದುಕ ಯಾರು ಅಂತ ಹಿಂದೆ ಸಾಲಿನಲ್ಲಿ ನಿಂತಿರುವ ಅಷ್ಟೂ ಜನರಿಗೆ ಗೊತ್ತು.